ಅಪ್‌ಡೇಟ್: ಅಜ್ಜನ 1939ರ ರೂಪಾಯಿ ಅಸಲಿ, ಆದರೆ…

ಮುಂಬೈ ಮಾಟುಂಗಾದ ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಅಜ್ಜ ಎತ್ತಿಟ್ಟಿದ್ದ ಆರನೇ ಜಾರ್ಜ್ ರೂಪಾಯಿ ಅಸಲಿಯೇ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ. 1939ರದ್ದು ಅಪರೂಪ, ಅದಕ್ಕೇ 1938ರ 8ನ್ನು ಕೆರೆದು 9 ಮಾಡಿರುತ್ತಾರೆ, ನೋಡಿಕೊಳ್ಳಿ ಅಂದಿದ್ರಿ.

ತೂಗಿಸಿದೆ, 11.6 ಗ್ರಾಂ, ಸರಿಯಾಗಿದೆ. ಫೋರ್ಟ್‌ನ ಹಿರಿಯ ನಾಣ್ಯ ವ್ಯಾಪಾರಿಯೊಬ್ಬರು ಮಸೂರ ಹಿಡಿದು 9ರ ಬಾಲವನ್ನೇ ತುಂಬಾ ಹೊತ್ತು ನೋಡಿದರು. ಕೆರೆದ ಗುರುತಿಲ್ಲ, ಅಸಲಿ!

ಆದರೆ ರಾಜನ ಕೆನ್ನೆಯ ತುಂಬ ಕೂದಲೆಳೆಯಂಥ ಗೀರು. ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಅಮ್ಮ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಟಂಕಸಾಲೆಯ ಮೂಲ ಹೊಳಪು ಹೋಗಿಬಿಟ್ಟಿದೆ. ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್‌ನವರು ಇಂಥದ್ದಕ್ಕೆ ಸಾಮಾನ್ಯವಾಗಿ ಅಂಕ ಕೊಡಲ್ಲ, 'ಕ್ಲೀನ್ಡ್' (ಉಜ್ಜಿದ್ದು) ಅಂತ ಬರೆದು ಕಳಿಸ್ತಾರೆ. ಕೇಳಿ ಹೊಟ್ಟೆ ಉರಿಯಿತು.

1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, ಇದು 91.7% ಬೆಳ್ಳಿಯ ಕೊನೆಯ ವರ್ಷದ್ದು. ಮಾರಲ್ಲ. ಈ ಸಲ ಪೂಜೆಗೆ ಉಜ್ಜದೆ ಹಾಗೇ ಇಡೋಣ ಅಂದೆ, ಅಮ್ಮ ಒಪ್ಪಿದ್ದಾರೆ.