ಸಹಾಯ ಬೇಕು: ಮಸ್ಕಡೆ ವೈನ್‌ಗೆ ಒಗ್ಗುವ ಅಡುಗೆ ಯಾವುದು?

ಫ್ರಾನ್ಸಿನಲ್ಲಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ. ಭಾನುವಾರ ನಾಂತ್‌ನ ನಮ್ಮ ನೆರೆಮನೆಯ ಹಿರಿಯ ದಂಪತಿ ಊಟಕ್ಕೆ ಬರುತ್ತಿದ್ದಾರೆ. ಈ ಊರಿನ ಸುತ್ತಲೇ ತಯಾರಾಗುವ ಬಿಳಿ ವೈನ್ ಮಸ್ಕಡೆಯನ್ನು ತರುತ್ತಾರಂತೆ, ಅದರಲ್ಲೂ ‘ಸುರ್ ಲೀ’ ಬಗೆಯದು. ಹುದುಗಿದ ಮೇಲೂ ಅದನ್ನು ಚಳಿಗಾಲವಿಡೀ ತಳದ ಯೀಸ್ಟ್ ಮಡ್ಡಿಯ ಮೇಲೆಯೇ ಬಿಟ್ಟಿರುತ್ತಾರೆ. ಕುಡಿದರೆ ನಾಲಗೆ ತುಸು ಚುರುಗುಟ್ಟುತ್ತದೆ. ನಿಂಬೆಯಂಥ ಹುಳಿ, ಕೊನೆಯಲ್ಲಿ ಉಪ್ಪಿನ ಛಾಯೆ. ಸಿಹಿ ಇಲ್ಲವೇ ಇಲ್ಲ.

ಇಲ್ಲಿಯವರು ಇದರ ಜೊತೆ ಹಸಿ ಸಿಂಪಿ, ಬೇಯಿಸಿದ ನೀಲಿಕಲ್ಲು (ಮಸೆಲ್ ಎಂಬ ಕಡಲ ಚಿಪ್ಪುಜೀವಿ) ತಿನ್ನುತ್ತಾರೆ. ನಾನು ಉಡುಪಿ ಕಡೆಯವಳು, ನೀಲಿಕಲ್ಲಿನ ಸುಕ್ಕ (ತೆಂಗಿನತುರಿ ಮಸಾಲೆಯ ಒಣ ಪಲ್ಯ) ಮಾಡಿ ಬಡಿಸಬೇಕೆಂಬ ಆಸೆ ತುಂಬಾ ಇದೆ. ಆದರೆ ಬ್ಯಾಡಗಿ ಮೆಣಸು, ಹುಣಸೆಹಣ್ಣು ಎರಡೂ ಬಿದ್ದರೆ ಇಷ್ಟು ನವಿರಾದ ವೈನ್ ಸೋತುಹೋಗುತ್ತದೆ ಎಂಬ ಭಯ. ಖಾರ ಹೆಚ್ಚಾದರೆ ಅದರ ಹುಳಿ ಇನ್ನಷ್ಟು ಚೂಪಾಗುತ್ತದೆ.

ಹುಣಸೆ ಬಿಟ್ಟು, ಮೆಣಸನ್ನು ಒಂದೆರಡಕ್ಕೆ ಇಳಿಸಿ, ತೆಂಗಿನತುರಿ, ಬೆಳ್ಳುಳ್ಳಿ, ಜೀರಿಗೆಯಲ್ಲೇ ಮುಗಿಸಿದರೆ ಸುಕ್ಕದ ರುಚಿ ಉಳಿಯುತ್ತದೆಯೇ? ಪಕ್ಕಕ್ಕೆ ನೀರುದೋಸೆ ಸಾಕೇ? ಈ ವೈನ್ ಜೊತೆ ಕರಾವಳಿ ಅಡುಗೆ ಬಡಿಸಿದವರಿದ್ದರೆ ದಯವಿಟ್ಟು ಶನಿವಾರದೊಳಗೆ ತಿಳಿಸಿ, ಅಂದು ಬೆಳಿಗ್ಗೆಯೇ ಮೀನಿನ ಮಾರುಕಟ್ಟೆಗೆ ಹೋಗಬೇಕು.