ಜೋನಿಬೆಲ್ಲದ ಲೇಬಲ್‌ಗೆ ದಪ್ಪ ಸೆರಿಫ್ ಫಾಂಟ್ ಹೊಂದುತ್ತದಾ?

ಶಿರಸಿ_ತೋಟ: ಮನೆಯ ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಎರಡಕ್ಕೂ ಲೇಬಲ್ ಮಾಡಿಸುತ್ತಿದ್ದೇವೆ. ಇಂಗ್ಲಿಷ್ ಹೆಸರಿಗೆ ಏಬ್ರಿಲ್ ಫ್ಯಾಟ್‌ಫೇಸ್ ಅನ್ನುವ ದಪ್ಪ ಸೆರಿಫ್ ಫಾಂಟ್ (ಗೆರೆಗಳ ತುದಿಗೆ ಸಣ್ಣ ಪಾದ ಇರುವ ಜಾತಿ) ಹಾಕಿದೆ. ಮೊಬೈಲಿನಲ್ಲಿ ಭರ್ಜರಿ ಕಾಣುತ್ತದೆ, ಆದರೆ ಸಣ್ಣ ಬಾಟಲಿಯ ಸ್ಟಿಕರ್‌ನಲ್ಲಿ ಇಂಗ್ಲಿಷ್ ‘e’ ಅಕ್ಷರದ ಅಡ್ಡಗೆರೆಯೇ ಮಾಯ. ಕನ್ನಡಕ್ಕೆ ಜೋಡಿ ಫಾಂಟ್ ಯಾವುದು ಅಂತಲೂ ಗೊತ್ತಾಗುತ್ತಿಲ್ಲ.

ಕಾರವಾರ_ಡಿಟಿಪಿ: ಮಾರಾಯ್ರೇ, ಆ ಜಾತಿಯ ಅಕ್ಷರ ಹುಟ್ಟಿದ್ದೇ ಗೋಡೆಗೆ ಅಂಟಿಸುವ ಪೋಸ್ಟರಿಗೆ. 19ನೇ ಶತಮಾನದ ಶುರುವಿನಲ್ಲಿ ಲಂಡನ್ನಿನಲ್ಲಿ ಜಾಹೀರಾತಿಗೆ ಅಂತ ಬಂದದ್ದು. ಉದ್ದಗೆರೆ ಸಿಕ್ಕಾಪಟ್ಟೆ ದಪ್ಪ, ಅಡ್ಡಗೆರೆ ಕೂದಲೆಳೆ. ದೊಡ್ಡ ಸೈಜಿನಲ್ಲಿ ಆ ವ್ಯತ್ಯಾಸವೇ ಅದರ ಗತ್ತು. ಸಣ್ಣದು ಮಾಡಿದರೆ ಎಳೆ ಹೋಗುತ್ತದೆ, ಅದರಲ್ಲೂ ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರವಿದ್ದರೆ ಸುತ್ತಲಿನ ಶಾಯಿ ಹಬ್ಬಿ ಉಳಿದದ್ದನ್ನೂ ನುಂಗುತ್ತದೆ. ನಾನಾದರೆ ಕೂಪರ್ ಬ್ಲ್ಯಾಕ್ ಹಾಕುತ್ತಿದ್ದೆ. 1922ರದ್ದು, ಶಿಕಾಗೋದ ಆಸ್ವಾಲ್ಡ್ ಕೂಪರ್ ಮಾಡಿದ್ದು. ಸೆರಿಫ್ ಇದೆ, ಆದರೆ ಅಂಚೆಲ್ಲ ಹದವಾದ ಬೆಲ್ಲದ ಹಾಗೆ ದುಂಡು. ಕೂದಲೆಳೆ ಗೆರೆ ಇಲ್ಲವಾದ್ದರಿಂದ ಪ್ರಿಂಟ್ ಸ್ವಲ್ಪ ಒರಟಾದರೂ ತಡೆದುಕೊಳ್ಳುತ್ತದೆ.

ಹೊನ್ನಾವರ_ಗೆರೆ: ಕೂಪರ್ ಬೆಲ್ಲಕ್ಕೆ ಸರಿ, ಆದರೆ ಸ್ವಲ್ಪ ಮಕ್ಕಳ ಚಾಕಲೇಟ್ ಅನ್ನಿಸುತ್ತದೆ ಅಲ್ವಾ? ಗತ್ತು ಬೇಕಿದ್ದರೆ ಏಬ್ರಿಲನ್ನೇ ಇಟ್ಟುಕೊಳ್ಳಿ, ಹೆಸರು ಮಾತ್ರ ಲೇಬಲ್ಲಿನ ಅಗಲ ಪೂರ್ತಿ ತುಂಬಲಿ. ಬೆಲೆ, ತೂಕ, ಏನೇನು ಹಾಕಿದ್ದೀರಿ ಅನ್ನುವುದು ಸಾದಾ ಫಾಂಟಿನಲ್ಲಿರಲಿ. ಇನ್ನು ಕನ್ನಡದಲ್ಲಿ ಸೆರಿಫ್ ಹುಡುಕುತ್ತಾ ಕೂರಬೇಡಿ. ನಮ್ಮ ಅಕ್ಷರಕ್ಕೆ ತಲೆಕಟ್ಟು ಇದೆ, ಇಂಗ್ಲಿಷಿನ ಹಾಗೆ ಪಾದ ಇಲ್ಲ. ನೋಡಬೇಕಾದ್ದು ಕಪ್ಪು ಎಷ್ಟಿದೆ ಅಂತ, ಎರಡೂ ಲಿಪಿ ದೂರದಿಂದ ಒಂದೇ ತೂಕ ಕಾಣಬೇಕು. ಏಬ್ರಿಲ್ ಜೊತೆ ‘ನೋಟೋ ಸೆರಿಫ್ ಕನ್ನಡ’ ಫಾಂಟಿನ ಬ್ಲ್ಯಾಕ್ (ತೀರಾ ದಪ್ಪ ರೂಪ) ಹಾಕಿ ನೋಡಿ, ಕೂಪರ್ ಆದರೆ ‘ಬಲೂ ತಮ್ಮ’ ಅನ್ನುವ ಫಾಂಟ್. ಎರಡೂ ಪುಕ್ಕಟೆ. ಕನ್ನಡದ ಸಾಲಿನ ಕೆಳಗೆ ಜಾಗ ಜಾಸ್ತಿ ಬಿಡಿ, ಇಲ್ಲವಾದರೆ ‘ಬೆಲ್ಲ’ದ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ.

ಶಿರಸಿ_ತೋಟ: ಒತ್ತು ಅಂದಿರಲ್ಲ, ಫೋಟೋಶಾಪಿನಲ್ಲಿ ‘ಉಪ್ಪಿನಕಾಯಿ’ ಒಡೆದೇ ಬರುತ್ತಿದೆ. ಪ ಪಕ್ಕ ಇನ್ನೊಂದು ಪ ಕೂತಿದೆ. ಫಾಂಟ್ ಹಾಳಾಗಿದೆಯಾ?

ಕಾರವಾರ_ಡಿಟಿಪಿ: ಫಾಂಟ್ ಸರಿಯೇ ಇದೆ. ಹಳೆಯ ಫೋಟೋಶಾಪ್ ಆದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿ, ಹೊಸ ಫೈಲಿನಲ್ಲಿ ಮತ್ತೆ ಟೈಪ್ ಮಾಡಿ. ಇದೇ ಡಿಸೈನು ಅಂಗಡಿ ಬೋರ್ಡಿಗೂ ಹೋಗುವುದಿದ್ದರೆ ಕನ್ನಡ ಮೇಲೆ, ದೊಡ್ಡದಾಗಿ ಬರಲಿ. 2024ರಿಂದ ಬೋರ್ಡಿನಲ್ಲಿ ಶೇ 60 ಕನ್ನಡ ಕಡ್ಡಾಯ.

ಹೊನ್ನಾವರ_ಗೆರೆ: ಪೂರ್ತಿ ಆರ್ಡರ್ ಕೊಡುವ ಮೊದಲು ಎರಡೂ ಫಾಂಟಿನದ್ದು ನಿಜವಾದ ಸೈಜಿನಲ್ಲಿ ಒಂದೊಂದು ಸ್ಟಿಕರ್ ತೆಗೆಸಿ, ಬೆಲ್ಲ ತುಂಬಿದ ಬಾಟಲಿಗೇ ಅಂಟಿಸಿ ನೋಡಿ. ಖಾಲಿ ಬಾಟಲಿ ಬೇಡ, ಹಿಂದಿನ ಬಣ್ಣ ಕಪ್ಪಾದರೆ ಲೇಬಲ್ ಬೇರೆಯೇ ಕಾಣುತ್ತದೆ.