ಸಹಾಯ ಬೇಕು: ಯೋಚನೆಯನ್ನು ತಿರುಗಿಸಿ ನೋಡುವ ಹಂತದಲ್ಲಿ ಗೊಂದಲ

ಬೈರನ್ ಕೇಟಿಯವರ ‘ದಿ ವರ್ಕ್’ ವಿಧಾನ (ನೋವು ಕೊಡುವ ಯೋಚನೆಯನ್ನು ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಿ, ಆಮೇಲೆ ಅದನ್ನು ತಿರುಗಿಸಿ ಬರೆದು, ಆ ತಿರುವೂ ನಿಜವೆನಿಸುವ ಉದಾಹರಣೆಗಳನ್ನು ಹುಡುಕುವುದು) ಬಲ್ಲವರು ದಯವಿಟ್ಟು ತಿಳಿಸಿ. ‘ಅಣ್ಣ ನನ್ನ ಮಾತಿಗೆ ಬೆಲೆ ಕೊಡುವುದಿಲ್ಲ’ ಎಂಬ ಯೋಚನೆಯನ್ನು ಬರೆದುಕೊಂಡು, ಇದು ನಿಜವೇ, ನಿಜವೆಂದು ಖಚಿತವಾಗಿ ಹೇಳಬಲ್ಲೆನೇ, ಇದನ್ನು ನಂಬಿದಾಗ ಹೇಗೆ ವರ್ತಿಸುತ್ತೇನೆ, ಈ ಯೋಚನೆಯೇ ಇಲ್ಲದಿದ್ದರೆ ಹೇಗಿರುತ್ತಿದ್ದೆ ಎಂಬ ನಾಲ್ಕೂ ಪ್ರಶ್ನೆಗಳಿಗೆ ಉತ್ತರಿಸಿದ್ದೇನೆ. ಮೂರನೆಯದಕ್ಕಂತೂ ಬರೆದಷ್ಟೂ ಮುಗಿಯಲಿಲ್ಲ. ‘ನಾನೇ ಅಣ್ಣನ ಮಾತಿಗೆ ಬೆಲೆ ಕೊಡುವುದಿಲ್ಲ’ ಎಂದು ತಿರುಗಿಸಿದಾಗ ಉದಾಹರಣೆಗಳು ಸುಲಭವಾಗಿ ಸಿಕ್ಕವು. ಆದರೆ ‘ಅಣ್ಣ ಬೆಲೆ ಕೊಡುತ್ತಾನೆ’ ಎಂಬ ನೇರ ವಿರುದ್ಧ ವಾಕ್ಯಕ್ಕೆ ಮೂರು ಪ್ರಾಮಾಣಿಕ ಉದಾಹರಣೆ ಹುಡುಕುವಾಗ, ನನ್ನನ್ನು ಕೇಳದೆಯೇ ಅವನು ಮನೆ ಮಾರಲು ತೀರ್ಮಾನಿಸಿದ್ದನ್ನು ನಾನೇ ಸಮರ್ಥಿಸುತ್ತಿರುವಂತೆ ಭಾಸವಾಗುತ್ತದೆ. ಸುಳ್ಳು ಸಮಾಧಾನ ನನಗೆ ಬೇಡ. ಹೀಗಿರುವಾಗ ಆ ತಿರುವನ್ನು ಕೈಬಿಟ್ಟು ಮುಂದುವರಿಯಬಹುದೇ, ಅಥವಾ ‘ಮನೆ ಮಾರುವಾಗ ಅಣ್ಣ ನನ್ನನ್ನು ಕೇಳಬೇಕಿತ್ತು’ ಎಂಬುದನ್ನೇ ಬೇರೆ ವಾಕ್ಯವಾಗಿ ಬರೆದು ಮೊದಲ ಪ್ರಶ್ನೆಯಿಂದ ಆರಂಭಿಸಬೇಕೇ?